ಆನ್‌ಲೈನ್ ತರಗತಿಯಲ್ಲಿ ಚರ್ಚೆ ಹುಟ್ಟುವುದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರಿಂದ ಈ ಬಾರಿ ಬಂದಿರುವ ಪತ್ರಗಳಲ್ಲಿ ಹಲವು ಒಂದೇ ವಿಷಯಕ್ಕೆ ಸಂಬಂಧಿಸಿವೆ. ಕಾಲೇಜುಗಳು ಸಂಜೆಯ ಹೊತ್ತಿನಲ್ಲಿ ನಡೆಸುವ ಆನ್‌ಲೈನ್ ಪಾಠಗಳಲ್ಲಿ ಮತ್ತು ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆಯಾದ ‘ಸ್ವಯಂ’ನಂತಹ ಕಡೆ ಸಿಗುವ ಕೋರ್ಸುಗಳಲ್ಲಿ ವಿದ್ಯಾರ್ಥಿಗಳು ಕೇಳಿಸಿಕೊಳ್ಳುತ್ತಾರೆಯೇ ಹೊರತು ಮಾತನಾಡುವುದಿಲ್ಲ ಎಂಬುದು ಅಧ್ಯಾಪಕರ ಅಳಲಾದರೆ, ಮಾತನಾಡಲು ನಮಗೆ ಆಸ್ಪದವೇ ಇಲ್ಲ ಎಂಬುದು ವಿದ್ಯಾರ್ಥಿಗಳ ಅಳಲು. ಹಾಗಾಗಿ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೇ ಮೀಸಲಿಟ್ಟಿದ್ದೇನೆ. ಹೆಸರು ಪ್ರಕಟಿಸಬಾರದೆಂದು ಕೆಲವರು ಕೋರಿರುವುದರಿಂದ ಎಲ್ಲರ ಊರನ್ನಷ್ಟೇ ಕೊಟ್ಟಿದೆ.

ಪ್ರಶ್ನೆ: ಪದವಿ ತರಗತಿಗಳಿಗೆ ಅರ್ಥಶಾಸ್ತ್ರ ಕಲಿಸುತ್ತೇನೆ. ನಮ್ಮ ಆನ್‌ಲೈನ್ ಕೋರ್ಸಿನಲ್ಲಿ ಅರವತ್ತು ವಿದ್ಯಾರ್ಥಿಗಳಿದ್ದಾರೆ. ವಾರಕ್ಕೊಂದು ಚರ್ಚಾ ಪ್ರಶ್ನೆ ಹಾಕುತ್ತೇನೆ. ಉದಾಹರಣೆಗೆ, ‘ಬೆಲೆ ಮತ್ತು ಪೂರೈಕೆಯ ಸಂಬಂಧವನ್ನು ಚರ್ಚಿಸಿ’. ಮೊದಲು ಯಾರೂ ಬರೆಯುತ್ತಿರಲಿಲ್ಲ. ಎರಡು ಆಂತರಿಕ ಅಂಕ ಇಟ್ಟ ಮೇಲೆ ಎಲ್ಲರೂ ಬರೆಯುತ್ತಾರೆ, ಆದರೆ ಮೊದಲ ಇಬ್ಬರು ಮೂವರು ಬರೆದದ್ದನ್ನೇ ಉಳಿದವರು ಪದ ಬದಲಿಸಿ ಬರೆಯುತ್ತಾರೆ, ಇಲ್ಲವೇ ಚಾಟ್‌ಜಿಪಿಟಿ ಕೊಟ್ಟದ್ದನ್ನು ತಂದು ಅಂಟಿಸುತ್ತಾರೆ. ಸಹಪಾಠಿಗೆ ಪ್ರತಿಕ್ರಿಯಿಸಿ ಎಂದರೆ ‘ಚೆನ್ನಾಗಿ ಬರೆದಿದ್ದೀರಿ’ ಎಂಬ ಒಂದು ಸಾಲು ಬರುತ್ತದೆ. ಇದನ್ನು ಚರ್ಚೆ ಎನ್ನಬಹುದೇ?
— ಉಪನ್ಯಾಸಕಿ, ಸಕಲೇಶಪುರ

ಉತ್ತರ: ಎನ್ನಲಾಗದು. ಆದರೆ ಇದರಲ್ಲಿ ವಿದ್ಯಾರ್ಥಿಗಳ ಸೋಮಾರಿತನಕ್ಕಿಂತ ಪ್ರಶ್ನೆಯ ಸ್ವಭಾವದ ಪಾಲು ಹೆಚ್ಚು ಎಂದು ನನಗೆ ತೋರುತ್ತದೆ. ಬೆಲೆ ಮತ್ತು ಪೂರೈಕೆಯ ಸಂಬಂಧ ಪಠ್ಯಪುಸ್ತಕದಲ್ಲಿದೆ, ಅದಕ್ಕೆ ಒಪ್ಪಿತವಾದ ಒಂದು ಉತ್ತರವಿದೆ, ಮೊದಲ ವಿದ್ಯಾರ್ಥಿ ಅದನ್ನು ಸರಿಯಾಗಿ ಬರೆದುಬಿಟ್ಟರೆ ಉಳಿದ ಐವತ್ತೊಂಬತ್ತು ಜನರಿಗೆ ಹೇಳಲು ಏನೂ ಉಳಿಯುವುದಿಲ್ಲ. ಏನೂ ಉಳಿದಿಲ್ಲದಿದ್ದರೂ ಬರೆಯಲೇಬೇಕು ಎಂದು ಅಂಕ ಇಟ್ಟರೆ ಅವರು ಪದ ಬದಲಿಸಿ ಬರೆಯದೆ ಬೇರೇನು ಮಾಡಿಯಾರು? ಚರ್ಚೆಗೆ ಇಡುವ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಒಬ್ಬನೇ ಪೂರ್ತಿಯಾಗಿ ಉತ್ತರಿಸಲು ಆಗಬಾರದು. ಇನ್ನೊಬ್ಬರು ಹೇಳುವುದನ್ನು ಓದದೆ ತನ್ನ ಉತ್ತರ ಮುಗಿಯದು ಎಂದು ಅವನಿಗೇ ಅನ್ನಿಸಬೇಕು.

ನಿಮ್ಮ ವಿಷಯದಲ್ಲಿಯೇ ಒಂದು ಪ್ರಶ್ನೆಯನ್ನು ರೂಪಿಸಿ ನೋಡೋಣ. ಹಾಸನ ಜಿಲ್ಲೆಯಲ್ಲಿ ಒಂದು ಕಾಲಕ್ಕೆ ಮುಂಗಾರಿನ ಪ್ರಮುಖ ವಾಣಿಜ್ಯ ಬೆಳೆಯಾಗಿದ್ದ ಆಲೂಗೆಡ್ಡೆ ಈಗ ಹಿಂದೆ ಸರಿದಿದೆ, ಅದು ಬೆಳೆಯುತ್ತಿದ್ದ ಎಷ್ಟೋ ಹೊಲಗಳಿಗೆ ಶುಂಠಿಯೂ ಮೆಕ್ಕೆಜೋಳವೂ ಬಂದಿವೆ. ‘ನಿಮ್ಮ ಮನೆಯಲ್ಲಿ ಅಥವಾ ನಿಮಗೆ ಪರಿಚಯವಿರುವ ಒಬ್ಬ ರೈತರಲ್ಲಿ ವಿಚಾರಿಸಿ, ಈ ಬದಲಾವಣೆಗೆ ಅವರು ಕೊಡುವ ಮೊದಲ ಕಾರಣವನ್ನು ಅವರದೇ ಮಾತಿನಲ್ಲಿ ಬರೆಯಿರಿ’ ಎಂದು ಕೇಳಿ. ಒಬ್ಬಳು ಜಲಂಧರ್ ಕಡೆಯಿಂದ ಬರುವ ಬಿತ್ತನೆ ಗೆಡ್ಡೆಯ ಬೆಲೆಯ ಬಗ್ಗೆ ಬರೆಯುತ್ತಾಳೆ. ಇನ್ನೊಬ್ಬ, ಮಳೆ ಹಿಡಿದುಕೊಂಡಾಗ ಅಂಗಮಾರಿ ರೋಗ ಹೊಲವನ್ನೇ ತಿಂದುಹಾಕುವ ವಿಷಯವನ್ನು ತರುತ್ತಾನೆ. ಮತ್ತೊಬ್ಬ ಕೂಲಿಯ ಲೆಕ್ಕ ಹೇಳಬಹುದು, ಮತ್ತೊಬ್ಬಳು ಶುಂಠಿ ಹಾಕುವವರಿಗೆ ಜಮೀನನ್ನು ಗುತ್ತಿಗೆಗೆ ಕೊಟ್ಟುಬಿಟ್ಟರೆ ಬೆಳೆಯ ಚಿಂತೆಯೇ ಇರುವುದಿಲ್ಲ ಎಂದು ತನ್ನ ಅಜ್ಜ ಹೇಳಿದ್ದನ್ನು ಬರೆಯಬಹುದು. ಸಕಲೇಶಪುರದ ಕಾಫಿ ಸೀಮೆಯವರಿಗೆ ಆಲೂಗೆಡ್ಡೆಯ ಅನುಭವವಿಲ್ಲದಿದ್ದರೆ, ತೋಟದಲ್ಲಿ ಕಾಳುಮೆಣಸಿನ ಬಳ್ಳಿ ಹಬ್ಬಿಸುವ ನಿರ್ಧಾರ ಹೇಗಾಯಿತು ಎಂಬುದನ್ನು ಕೇಳಿಕೊಂಡು ಬರಲಿ. ಅರವತ್ತು ಉತ್ತರಗಳೂ ಒಂದೇ ಆಗಿರುವುದು ಇಲ್ಲಿ ಕಷ್ಟ. (ಮನೆಯ ಆದಾಯವನ್ನಾಗಲಿ ಸಾಲವನ್ನಾಗಲಿ ಹೇಳುವಂತೆ ಯಾರನ್ನೂ ಒತ್ತಾಯಿಸಬಾರದು, ಆದುದರಿಂದಲೇ ‘ಪರಿಚಯವಿರುವ ಒಬ್ಬ ರೈತರಲ್ಲಿ’ ಎಂಬ ಆಯ್ಕೆ ಇರಲೇಬೇಕು.)

ಇಷ್ಟಕ್ಕೇ ನಿಂತರೆ ಅದು ಮಾಹಿತಿ ಸಂಗ್ರಹವಾದೀತು, ಚರ್ಚೆಯಾಗದು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿದ್ದ ರ‍್ಯಾಂಡಿ ಗ್ಯಾರಿಸನ್, ಟೆರ‍್ರಿ ಆ್ಯಂಡರ್ಸನ್ ಮತ್ತು ವಾಲ್ಟರ್ ಆರ್ಚರ್ ಎಂಬ ಮೂವರು ಶಿಕ್ಷಣ ತಜ್ಞರು 2000ದ ಹೊತ್ತಿಗೆ, ಬರವಣಿಗೆಯ ಮೂಲಕ ನಡೆಯುವ ಆನ್‌ಲೈನ್ ಚರ್ಚೆ ಯಾವ ಹಂತಗಳನ್ನು ದಾಟುತ್ತದೆ ಎಂಬುದಕ್ಕೆ ಒಂದು ಚೌಕಟ್ಟನ್ನು ಮುಂದಿಟ್ಟರು. ಒಂದು ಸಮಸ್ಯೆ ಮನಸ್ಸನ್ನು ಕೆಣಕುವುದು ಮೊದಲ ಹಂತ, ಪ್ರತಿಯೊಬ್ಬರೂ ತಮಗೆ ತಿಳಿದದ್ದನ್ನು ತಂದು ಸುರಿಯುವ ಹುಡುಕಾಟ ಎರಡನೆಯದು, ಬಂದದ್ದನ್ನು ಒಂದಕ್ಕೊಂದು ಜೋಡಿಸುವುದು ಮೂರನೆಯದು, ಜೋಡಿಸಿ ಕಂಡ ವಿಚಾರವನ್ನು ಪರೀಕ್ಷಿಸಿ ಒಂದು ತೀರ್ಮಾನಕ್ಕೆ ಬರುವುದು ನಾಲ್ಕನೆಯದು. ಅವರ ನಂತರ ಈ ಚೌಕಟ್ಟನ್ನು ಬಳಸಿ ನಡೆದ ಅನೇಕ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದದ್ದೇನೆಂದರೆ, ವಿದ್ಯಾರ್ಥಿಗಳ ಬರಹದ ಹೆಚ್ಚಿನ ಪಾಲು ಎರಡನೆಯ ಹಂತದಲ್ಲಿಯೇ ನಿಂತುಬಿಡುತ್ತದೆ. ಅಲ್ಲಿಂದ ಮುಂದಕ್ಕೆ ಅವರು ತಾವಾಗಿಯೇ ಹೋಗುವುದು ಅಪರೂಪ. ಕರೆದೊಯ್ಯುವ ಕೆಲಸ ಅಧ್ಯಾಪಕರದು, ಮತ್ತು ಆ ಕೆಲಸ ಪ್ರಶ್ನೆಯ ರಚನೆಯಲ್ಲಿಯೇ ಅಡಗಿರಬೇಕು.

ಆದ್ದರಿಂದ ಅರವತ್ತು ಜನರನ್ನು ಆರಾರು ಜನರ ಗುಂಪುಗಳಾಗಿ ಮಾಡಿ. ಅರವತ್ತು ಬರಹಗಳನ್ನು ಯಾರೂ ಓದುವುದಿಲ್ಲ, ಐದನ್ನು ಓದುತ್ತಾರೆ. ಸೋಮವಾರದಿಂದ ಬುಧವಾರದವರೆಗೆ ಪ್ರತಿಯೊಬ್ಬರೂ ತಾವು ಕೇಳಿ ತಂದ ಕಾರಣವನ್ನು ಬರೆಯಲಿ. ಶನಿವಾರದೊಳಗೆ ಎರಡನೆಯ ಕೆಲಸ: ‘ನಿಮ್ಮ ಗುಂಪಿನಲ್ಲಿ ಒಂದಕ್ಕೊಂದು ಹೊಂದದ ಎರಡು ಕಾರಣಗಳನ್ನು ಆರಿಸಿ. ಅವು ಉತ್ಪಾದನಾ ವೆಚ್ಚಕ್ಕೆ ಸಂಬಂಧಿಸಿದವೇ, ನಷ್ಟದ ಭಯಕ್ಕೆ ಸಂಬಂಧಿಸಿದವೇ, ಬೆಲೆಯ ನಿರೀಕ್ಷೆಗೆ ಸಂಬಂಧಿಸಿದವೇ? ಯಾವುದು ಹೆಚ್ಚು ಬಲವಾದದ್ದು ಎಂದು ತಿಳಿಯಲು ಇನ್ನೂ ಯಾವ ಅಂಕಿಅಂಶ ಬೇಕು?’ ಪೂರೈಕೆಯ ಪಾಠ ಈ ಎರಡನೆಯ ಕೆಲಸದಲ್ಲಿದೆ. ನಿಮ್ಮ ಎರಡು ಅಂಕಗಳನ್ನೂ ಇದಕ್ಕೇ ಕೊಡಿ; ಮೊದಲ ಕೆಲಸಕ್ಕೆ ಅಂಕ ಬೇಡ. ಬರೆದದ್ದಕ್ಕೆ ಅಂಕ ಕೊಟ್ಟರೆ ಬರಹ ಬರುತ್ತದೆ, ಸಹಪಾಠಿಯ ಮಾತನ್ನು ಬಳಸಿಕೊಂಡದ್ದಕ್ಕೆ ಕೊಟ್ಟರೆ ಮಾತ್ರ ಓದು ಬರುತ್ತದೆ. ‘ಚೆನ್ನಾಗಿ ಬರೆದಿದ್ದೀರಿ’ ಎಂಬ ಸಾಲಿಗೆ ಇಲ್ಲಿ ಜಾಗವೇ ಇಲ್ಲವೆಂಬುದನ್ನು ಗಮನಿಸಿ.

ಚಾಟ್‌ಜಿಪಿಟಿಯ ವಿಚಾರ. ರೈತರ ಹೆಸರಿನಲ್ಲಿ ಒಂದು ಕಾರಣವನ್ನು ಅದರಿಂದ ಬರೆಯಿಸಿಕೊಳ್ಳುವುದು ಸಾಧ್ಯವೇ ಇಲ್ಲ ಎಂದು ನಾನು ಹೇಳಲಾರೆ. ಆದರೆ ಗುಂಪಿನ ಇನ್ನೊಬ್ಬಳು ‘ಆ ವರ್ಷ ಗೆಡ್ಡೆಗೆ ಎಷ್ಟು ಕೊಟ್ಟರಂತೆ?’ ಎಂದು ಕೇಳಿದಾಗ ಅದನ್ನು ಮುಂದುವರಿಸುವುದು ಕಷ್ಟ, ಹೋಗಿ ನಿಜವಾಗಿ ಕೇಳಿಬರುವುದೇ ಸುಲಭ. ಇನ್ನೂ ಒಂದು ದಾರಿಯಿದೆ: ಅದರ ಉತ್ತರವನ್ನು ನೀವೇ ಬಹಿರಂಗವಾಗಿ ತರಗತಿಗೆ ತನ್ನಿ, ಆಲೂರು ಮತ್ತು ಅರಕಲಗೂಡಿನ ರೈತರು ಹೇಳಿದ್ದರ ಪಕ್ಕದಲ್ಲಿಟ್ಟು ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ವಿದ್ಯಾರ್ಥಿಗಳಿಂದಲೇ ಗುರುತು ಮಾಡಿಸಿರಿ.

ಕೊನೆಯ ಮಾತು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಮುಂದಿನ ತರಗತಿಯನ್ನು ವಿದ್ಯಾರ್ಥಿಗಳು ಬರೆದದ್ದರಿಂದಲೇ ಆರಂಭಿಸಿ, ಹೆಸರು ಹೇಳಿ ಆರಂಭಿಸಿ. ತಾನು ಬರೆದ ಎರಡು ಸಾಲು ಪಾಠದ ಭಾಗವಾದದ್ದನ್ನು ಒಮ್ಮೆ ಕಂಡ ವಿದ್ಯಾರ್ಥಿನಿ ಮುಂದಿನ ವಾರ ಬೇರೆಯೇ ಎಚ್ಚರದಿಂದ ಬರೆಯುತ್ತಾಳೆ. ಬರೆದದ್ದು ಎಲ್ಲಿಗೆ ಹೋಯಿತೆಂದೇ ತಿಳಿಯದಿದ್ದಲ್ಲಿ ಎಂಥ ಒಳ್ಳೆಯ ಪ್ರಶ್ನೆಯೂ ಮೂರು ವಾರ ಬಾಳುವುದಿಲ್ಲ.

ಪ್ರಶ್ನೆ: ಮಾನ್ಯರೇ, ನಾನು ಬಿ.ಎ. ಎರಡನೆಯ ವರ್ಷದ ವಿದ್ಯಾರ್ಥಿನಿ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದಿಲ್ಲ, ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ. ಆನ್‌ಲೈನ್ ತರಗತಿಯಲ್ಲಿ ಮಾತನಾಡಲು ಹೋದರೆ ನನ್ನ ಧ್ವನಿ ತುಂಡು ತುಂಡಾಗಿ ಕೇಳಿಸುತ್ತದೆಯಂತೆ. ಕ್ಯಾಮೆರಾ ಹಾಕದವರು, ಮೈಕ್ ಆನ್ ಮಾಡದವರು ಭಾಗವಹಿಸಿಲ್ಲವೆಂದು ಬರೆದುಕೊಳ್ಳುತ್ತಾರೆ. ನನಗೆ ಹೇಳುವುದಕ್ಕೆ ಇರುತ್ತದೆ, ಹೇಳಲು ಆಗುವುದಿಲ್ಲ. ಏನು ಮಾಡಲಿ?
— ವಿದ್ಯಾರ್ಥಿನಿ, ಕಳಸ

ಉತ್ತರ: ತಂಗೀ, ಇದು ನಿಮ್ಮ ಕೊರತೆಯಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ಕೋವಿಡ್ ಕಾಲದಲ್ಲಿ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ ಕುಳಿತು ಪಾಠ ಕೇಳಿದ್ದನ್ನು ನಾಡೆಲ್ಲ ಕಂಡಿದೆ. ಆ ಗುಡ್ಡಗಳು ಈಗಲೂ ಅಲ್ಲಿಯೇ ಇವೆ.

ನಿಮ್ಮ ಅಧ್ಯಾಪಕರಿಗೆ ಒಂದು ಸಣ್ಣ ಪತ್ರವನ್ನು ಬರೆಯಿರಿ. ಪರಿಸ್ಥಿತಿಯನ್ನು ಒಂದು ವಾಕ್ಯದಲ್ಲಿ ತಿಳಿಸಿ, ಅದರ ಜೊತೆಗೆ ಒಂದು ಖಚಿತವಾದ ಕೋರಿಕೆಯನ್ನಿಡಿ: ‘ತರಗತಿಯಲ್ಲಿ ಕೇಳಿದ ಪ್ರಶ್ನೆಗೆ ನಾನು ಮರುದಿನ ಸಂಜೆಯೊಳಗೆ ಬರವಣಿಗೆಯಲ್ಲಿ ಉತ್ತರ ಕಳುಹಿಸಬಹುದೇ, ಅದನ್ನು ಭಾಗವಹಿಸುವಿಕೆ ಎಂದು ಪರಿಗಣಿಸಬಹುದೇ?’ ದೂರುವ ಧ್ವನಿಯಿಲ್ಲದೆ ಹೀಗೆ ಕೇಳಿದರೆ ಒಪ್ಪದಿರುವ ಅಧ್ಯಾಪಕರು ಕಡಿಮೆ. ಒಪ್ಪದಿದ್ದರೆ ಇದೇ ತೊಂದರೆಯಿರುವ ಇನ್ನೂ ಇಬ್ಬರು ಮೂವರೊಡನೆ ಸೇರಿ ವಿಭಾಗದ ಮುಖ್ಯಸ್ಥರನ್ನು ಕಾಣಿರಿ.

ಇದನ್ನು ಓದುತ್ತಿರುವ ಅಧ್ಯಾಪಕರಲ್ಲಿ ನನ್ನದೊಂದು ಮನವಿಯಿದೆ. ಒಂದು ಗಂಟೆಯ ವಿಡಿಯೊ ತರಗತಿಗೆ ನೂರಾರು ಎಂಬಿ ಡೇಟಾ ಬೇಕು, ಹತ್ತು ಸಾಲಿನ ಬರಹಕ್ಕೆ ಒಂದೆರಡು ಕೆಬಿ ಸಾಕು. ಕ್ಯಾಮೆರಾ ಕಡ್ಡಾಯ ಮಾಡಿದಾಗ ಅಳೆಯುವುದು ವಿದ್ಯಾರ್ಥಿಯ ಆಸಕ್ತಿಯನ್ನಲ್ಲ, ಅವಳ ಮನೆಯ ಬಳಿಯ ಟವರನ್ನು. ಚರ್ಚೆಯ ಮುಖ್ಯ ಭಾಗವನ್ನು ನೇರ ತರಗತಿಯ ಗಂಟೆಯಿಂದ ಹೊರಗೆ ತಂದು, ಎರಡು ಮೂರು ದಿನ ತೆರೆದಿಡುವ ಬರವಣಿಗೆಯ ಚರ್ಚೆಯಾಗಿ ನಡೆಸಿದರೆ ಕಳಸದವರೂ ಶೃಂಗೇರಿಯವರೂ ಹಾಸನ ಪೇಟೆಯವರಷ್ಟೇ ಸಮನಾಗಿ ಭಾಗವಹಿಸಬಹುದು. ಕಾಫಿ ಕೊಯ್ಲಿನ ದಿನಗಳಲ್ಲಿ ಹಗಲೆಲ್ಲ ತೋಟದಲ್ಲಿರುವ ವಿದ್ಯಾರ್ಥಿಗಳಿಗೂ ಇದರಿಂದ ಅನುಕೂಲ. ಮತ್ತೊಂದು ಲಾಭವೂ ಇದೆ: ನೇರ ತರಗತಿಯಲ್ಲಿ ತಟ್ಟನೆ ಮಾತನಾಡುವವರು ನಾಲ್ಕೈದು ಜನ, ಯಾವಾಗಲೂ ಅವರೇ, ಯೋಚಿಸಿ ಬರೆಯಲು ಸಮಯ ಸಿಕ್ಕಾಗ ಮಾತ್ರ ಕೇಳಿಬರುವ ವಿದ್ಯಾರ್ಥಿಗಳು ಪ್ರತಿ ತರಗತಿಯಲ್ಲಿಯೂ ಇದ್ದಾರೆ.

ಪ್ರಶ್ನೆ: ಇತಿಹಾಸ ಬೋಧಿಸುತ್ತೇನೆ. ಆನ್‌ಲೈನ್ ತರಗತಿಯಲ್ಲಿ ಪ್ರಶ್ನೆ ಕೇಳಿದರೆ ಯಾರೂ ಉತ್ತರಿಸುವುದಿಲ್ಲ, ಕೊನೆಗೆ ನಾನೇ ಉತ್ತರ ಹೇಳಿ ಮುಂದುವರಿಯುತ್ತೇನೆ. ಎಷ್ಟು ಹೊತ್ತು ಕಾಯಬೇಕು?
— ಉಪನ್ಯಾಸಕ, ಬೇಲೂರು

ಉತ್ತರ: ನಿಮಗೆ ಅನ್ನಿಸುವುದಕ್ಕಿಂತ ಬಹಳ ಹೆಚ್ಚು ಹೊತ್ತು. ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ ಎಂದು ತೋರಿಸಿದರು. ಅದನ್ನು ಮೂರು ಸೆಕೆಂಡಿಗೆ ಅಥವಾ ಅದಕ್ಕಿಂತ ತುಸು ಹೆಚ್ಚಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸಾಮಾನ್ಯವಾಗಿ ಸುಮ್ಮನಿರುವ ಮಕ್ಕಳೂ ಬಾಯಿ ತೆರೆದರು, ಉತ್ತರದ ಜೊತೆಗೆ ಕಾರಣ ಕೊಡುವುದು ಹೆಚ್ಚಿತು. ಅದು ಎದುರುಬದುರು ಕುಳಿತ ತರಗತಿಯ ಮಾತು. ಆನ್‌ಲೈನ್‌ನಲ್ಲಿ ಧ್ವನಿ ತಲುಪುವುದೇ ತಡ, ಮೈಕ್ ಗುಂಡಿ ಹುಡುಕಬೇಕು, ಬೇರೆ ಯಾರಾದರೂ ಮಾತನಾಡುತ್ತಾರೋ ಎಂದು ಕಾಯಬೇಕು, ಮನೆಯಲ್ಲಿ ಸದ್ದಿದ್ದರೆ ಎದ್ದು ಆಚೆ ಹೋಗಬೇಕು. ಹತ್ತು ಹದಿನೈದು ಸೆಕೆಂಡು ಮೌನವಾಗಿರುವುದು ಕಲಿಸುವವರಿಗೆ ಕಷ್ಟವೆನಿಸಿದರೂ ಕಲಿಯುವವರಿಗೆ ಅದು ಬೇಕೇಬೇಕು.

ಕಾಯುವುದಕ್ಕಿಂತಲೂ ಉಪಯುಕ್ತವಾದ ಒಂದು ಕ್ರಮವೆಂದರೆ ಎಲ್ಲರಿಂದಲೂ ಮೊದಲು ಬರೆಯಿಸುವುದು. ‘ನಿಮ್ಮ ಉತ್ತರವನ್ನು ಟೈಪ್ ಮಾಡಿ ಇಟ್ಟುಕೊಳ್ಳಿ, ಕಳುಹಿಸಬೇಡಿ, ನಾನು ಹೇಳಿದಾಗ ಎಲ್ಲರೂ ಒಟ್ಟಿಗೆ ಕಳುಹಿಸಿ’ ಎಂದರೆ, ಮೊದಲ ಜಾಣನ ಉತ್ತರವನ್ನು ನೋಡಿ ಉಳಿದವರು ತಮ್ಮದನ್ನು ಅಳಿಸಿಹಾಕುವುದು ತಪ್ಪುತ್ತದೆ. ಎರಡು ನಿಮಿಷ ಕೊಟ್ಟರೆ ಸಾಕು.

ಆದರೆ ಇಲ್ಲಿಯೂ ಪ್ರಶ್ನೆಯ ಮಾತು ಬಂದೇ ಬರುತ್ತದೆ. ನೀವು ಬೇಲೂರಿನವರು, ಹಲ್ಮಿಡಿ ನಿಮ್ಮ ತಾಲ್ಲೂಕಿನ ಊರು. ‘ಹಲ್ಮಿಡಿ ಶಾಸನದ ಕಾಲ ಯಾವುದು?’ ಎಂದು ಕೇಳಿದರೆ ‘ಸುಮಾರು ಕ್ರಿ.ಶ. 450’ ಎಂದು ಒಬ್ಬ ಹೇಳುತ್ತಾನೆ, ಅಲ್ಲಿಗೆ ಮುಗಿಯಿತು. ಅದರ ಬದಲು ಹೀಗೆ ಕೇಳಿ ನೋಡಿ: ‘1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಈ ಹದಿನಾರು ಸಾಲುಗಳ ಶಾಸನದಲ್ಲಿ ಇಸವಿಯ ಉಲ್ಲೇಖವಿಲ್ಲ. ಹಾಗಿದ್ದರೆ ಅದರ ಕಾಲವನ್ನು ಯಾವ ಆಧಾರಗಳಿಂದ ಊಹಿಸಲಾಯಿತು? ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ 2013ರ ಉತ್ಖನನದಲ್ಲಿ ದೊರೆತ, ಕ್ರಿ.ಶ. 370ರದ್ದೆಂದು ಹೇಳಲಾಗಿರುವ ಸಿಂಹಕಟಾಂಜನದ ಶಾಸನವನ್ನು ಒಪ್ಪಿದರೆ ಕನ್ನಡದ ಮೊದಲ ಶಾಸನ ಯಾವುದೆಂಬ ನಿಮ್ಮ ಉತ್ತರ ಬದಲಾಗುವುದೇ? ಲಿಪಿಯ ಆಧಾರಕ್ಕೆ ನೀವು ಎಷ್ಟು ಬೆಲೆ ಕೊಡುತ್ತೀರಿ?’ ಮೊದಲು ಪ್ರತಿಯೊಬ್ಬರೂ ‘ಬದಲಾಗುತ್ತದೆ’ ಅಥವಾ ‘ಬದಲಾಗುವುದಿಲ್ಲ’ ಎಂದು ಕಳುಹಿಸಲಿ. ಆಮೇಲೆ ಭಿನ್ನ ಉತ್ತರ ಕೊಟ್ಟ ಇಬ್ಬಿಬ್ಬರನ್ನು ಜೋಡಿ ಮಾಡಿ ಐದು ನಿಮಿಷ ಬಿಡಿ. ಒಬ್ಬೊಬ್ಬರೇ ಯೋಚಿಸಿ, ಜೋಡಿಯಲ್ಲಿ ಮಾತನಾಡಿ, ಆಮೇಲೆ ಎಲ್ಲರ ಮುಂದೆ ಹಂಚಿಕೊಳ್ಳುವ ಈ ವಿಧಾನವನ್ನು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಫ್ರ್ಯಾಂಕ್ ಲೈಮನ್ 1981ರಲ್ಲಿ ವಿವರಿಸಿದರು, ಇಂದಿಗೂ ಅದಕ್ಕಿಂತ ಸರಳವಾದ ಉಪಾಯ ಮತ್ತೊಂದಿಲ್ಲ. ನಲವತ್ತು ಜನರ ಎದುರು ಮಾತನಾಡಲು ಹಿಂಜರಿಯುವ ಹುಡುಗ ಒಬ್ಬ ಗೆಳೆಯನ ಎದುರು ಹಿಂಜರಿಯುವುದಿಲ್ಲ, ಮತ್ತು ಅಲ್ಲಿ ಒಮ್ಮೆ ಆಡಿ ನೋಡಿದ ಮಾತನ್ನು ಎಲ್ಲರ ಎದುರು ಆಡುವುದು ಅವನಿಗೆ ಅಷ್ಟು ಕಷ್ಟವಾಗದು.

ಪ್ರಶ್ನೆ: ನಮ್ಮ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಸ್ವಯಂ–ಎನ್‌ಪಿಟಿಇಎಲ್ (ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ) ಕೋರ್ಸುಗಳಿಗೆ ನೋಂದಾಯಿಸುತ್ತಾರೆ, ನಾನು ಅವರ ಮಾರ್ಗದರ್ಶಕ. ಕೋರ್ಸಿನ ಚರ್ಚಾ ವೇದಿಕೆಗೆ ಅವರು ಹೋಗುವುದೇ ಇಲ್ಲ, ಹೋದರೂ ಅಸೈನ್‌ಮೆಂಟಿನ ಕೊನೆಯ ದಿನಾಂಕ ವಿಸ್ತರಿಸುತ್ತೀರಾ ಎಂದು ಕೇಳುವುದಕ್ಕಷ್ಟೇ. ಸಾವಿರಾರು ಜನರಿರುವ ಕೋರ್ಸಿನಲ್ಲಿ ಚರ್ಚೆ ಸಾಧ್ಯವೇ?
— ಸಹಾಯಕ ಪ್ರಾಧ್ಯಾಪಕ, ಹಾಸನ

ಉತ್ತರ: 2017ರ ಜುಲೈ 9ರಂದು ಆರಂಭವಾದ ಸ್ವಯಂನಲ್ಲಿ ಪ್ರತಿಯೊಂದು ಕೋರ್ಸೂ ನಾಲ್ಕು ಭಾಗಗಳನ್ನು ಹೊಂದಿರಬೇಕೆಂದು ನಿಗದಿಯಾಗಿದೆ: ವಿಡಿಯೊ ಪಾಠ, ಓದುವ ಸಾಮಗ್ರಿ, ಸ್ವಯಂ ಮೌಲ್ಯಮಾಪನದ ಪ್ರಶ್ನೆಗಳು ಮತ್ತು ಸಂದೇಹ ನಿವಾರಣೆಗಾಗಿ ಚರ್ಚಾ ವೇದಿಕೆ. ಚರ್ಚೆಗೆ ಸಮಾನ ಸ್ಥಾನ ಕೊಟ್ಟ ಈ ವಿನ್ಯಾಸ ಮೆಚ್ಚತಕ್ಕದ್ದು. ಆದರೆ ಎನ್‌ಪಿಟಿಇಎಲ್ ಕೋರ್ಸುಗಳ ಅಂತಿಮ ಅಂಕದಲ್ಲಿ ಸಾಮಾನ್ಯವಾಗಿ ಶೇ 25 ಅಸೈನ್‌ಮೆಂಟುಗಳಿಂದ, ಶೇ 75 ಪರೀಕ್ಷಾ ಕೇಂದ್ರದಲ್ಲಿ ಬರೆಯುವ ಪರೀಕ್ಷೆಯಿಂದ ಬರುತ್ತದೆ, ಚರ್ಚೆಗೆ ಅಂಕವಿಲ್ಲ. ವಿದ್ಯಾರ್ಥಿಗಳು ಕೊನೆಯ ದಿನಾಂಕದ ಬಗ್ಗೆ ಮಾತ್ರ ಕೇಳುವುದರಲ್ಲಿ ಆಶ್ಚರ್ಯವೇನಿದೆ? ಅಪರಿಚಿತರಾದ ಸಾವಿರಾರು ಜನರ ಎದುರು ತನ್ನ ಸಂದೇಹವನ್ನು ಇಡುವುದಕ್ಕೆ ಅಂಜಿಕೆಯೂ ಇರುತ್ತದೆ.

ಚರ್ಚೆಯನ್ನು ಹಾಸನಕ್ಕೇ ತರಬೇಕು ಎಂಬುದು ನನ್ನ ಸಲಹೆ. ಒಂದೇ ಕೋರ್ಸಿಗೆ ನೋಂದಾಯಿಸಿರುವ ನಿಮ್ಮ ಕಾಲೇಜಿನ ಹತ್ತು ಹದಿನೈದು ಜನರಿಗೆ ವಾರಕ್ಕೊಂದು ಗಂಟೆಯನ್ನು ವೇಳಾಪಟ್ಟಿಯಲ್ಲಿಯೇ ಮೀಸಲಿಡಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ನಿಯಮಗಳ ಪ್ರಕಾರ ಒಂದು ಸೆಮಿಸ್ಟರಿನ ಶೇ 40ರಷ್ಟು ಕೋರ್ಸುಗಳನ್ನು ಸ್ವಯಂ ಮೂಲಕ ಪಡೆಯಲು ಅವಕಾಶವಿರುವಾಗ, ಆ ಕಲಿಕೆಗೆ ಒಂದು ಕೊಠಡಿಯನ್ನೂ ಒಂದು ಗಂಟೆಯನ್ನೂ ಕೊಡುವುದು ಕಾಲೇಜಿನ ಕರ್ತವ್ಯವೆಂದೇ ನಾನು ಭಾವಿಸುತ್ತೇನೆ. ಆ ಗಂಟೆಯಲ್ಲಿ ನೀವು ಪಾಠ ಮಾಡಬೇಡಿ. ವಾರದ ವಿಡಿಯೊದಿಂದ ಒಂದು ಪರಿಕಲ್ಪನೆಯನ್ನು ಆರಿಸಿ, ತಪ್ಪು ತಿಳಿವಳಿಕೆಯೂ ಆಯ್ಕೆಗಳಲ್ಲಿ ಸೇರಿರುವಂತೆ ಒಂದು ಪ್ರಶ್ನೆ ಮಾಡಿ, ಎಲ್ಲರಿಂದಲೂ ಉತ್ತರ ಪಡೆಯಿರಿ; ಸರಿ ಯಾವುದೆಂದು ಹೇಳದೆ, ಪಕ್ಕದವರನ್ನು ಒಪ್ಪಿಸಲು ಪ್ರಯತ್ನಿಸಿ ಎಂದು ಬಿಡಿ; ಐದು ನಿಮಿಷದ ನಂತರ ಮತ್ತೆ ಉತ್ತರ ಪಡೆಯಿರಿ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದ ಆರಂಭದಿಂದ ದೊಡ್ಡ ತರಗತಿಗಳಲ್ಲಿ ಬಳಸಿಕೊಂಡು ಬಂದ ಕ್ರಮ ಇದು. ಈಗಷ್ಟೇ ಅರ್ಥಮಾಡಿಕೊಂಡ ಸಹಪಾಠಿಗೆ ಇನ್ನೊಬ್ಬ ಎಲ್ಲಿ ಎಡವುತ್ತಾನೆಂಬುದು ಪರಿಣತರಿಗಿಂತ ಚೆನ್ನಾಗಿ ಗೊತ್ತಿರುತ್ತದೆ ಎಂಬುದು ಅದರ ಹಿಂದಿರುವ ತಿಳಿವು. ಅಂಕವಿರುವ ಅಸೈನ್‌ಮೆಂಟಿನ ಪ್ರಶ್ನೆಗಳನ್ನು ಮಾತ್ರ ಕೊನೆಯ ದಿನಾಂಕ ಕಳೆದ ಮೇಲೆಯೇ ಚರ್ಚೆಗೆ ತೆಗೆದುಕೊಳ್ಳಿ.

ಆ ಗಂಟೆಯಲ್ಲಿಯೂ ಬಗೆಹರಿಯದೆ ಉಳಿದ ಒಂದು ಪ್ರಶ್ನೆಯನ್ನು ಗುಂಪೇ ಸೇರಿ ಸ್ಪಷ್ಟವಾಗಿ ಬರೆದು ಕೋರ್ಸಿನ ಚರ್ಚಾ ವೇದಿಕೆಗೆ ಹಾಕಲಿ. ಹಾಗೆ ಪಳಗಿದ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಗುವ ಸಂಭವವೂ ಹೆಚ್ಚು.

ಪ್ರಶ್ನೆ: ಚರ್ಚೆಗೆ ವಾಟ್ಸ್‌ಆ್ಯಪ್ ಗುಂಪು ಸಾಕೇ, ಗೂಗಲ್ ಕ್ಲಾಸ್‌ರೂಮ್ ಅಥವಾ ಮೂಡಲ್‌ನಂತಹ ಬೋಧನಾ ತಂತ್ರಾಂಶ ಬೇಕೇ?
— ಅತಿಥಿ ಉಪನ್ಯಾಸಕಿ, ಅರಸೀಕೆರೆ

ಉತ್ತರ: ಸೂಚನೆಗಳಿಗೆ ವಾಟ್ಸ್‌ಆ್ಯಪ್ ಸಾಕು, ಚರ್ಚೆಗೆ ಸಾಲದು. ಸಾಮಾನ್ಯ ಗುಂಪಿನಲ್ಲಿ ಪ್ರತಿಯೊಬ್ಬರ ಫೋನ್ ಸಂಖ್ಯೆಯೂ ಎಲ್ಲರಿಗೂ ಕಾಣುತ್ತದೆ, ಇದು ವಿದ್ಯಾರ್ಥಿನಿಯರಿಗೆ ತೊಂದರೆಗೆ ಕಾರಣವಾಗಬಹುದು. ಬೆಳಗ್ಗೆ ಬರೆದ ಒಳ್ಳೆಯ ಮಾತು ಸಂಜೆಯ ಹೊತ್ತಿಗೆ ಶುಭಾಶಯಗಳ ಕೆಳಗೆ ಹೂತುಹೋಗುತ್ತದೆ. ಒಂದು ಪ್ರಶ್ನೆಗೆ ಬಂದ ಉತ್ತರಗಳೆಲ್ಲ ಅದರಡಿಯಲ್ಲಿಯೇ ಉಳಿಯುವ ಯಾವುದಾದರೂ ಉಚಿತ ಸಾಧನವನ್ನು ಬಳಸಿ. ನಿಮ್ಮ ಕಾಲೇಜಿನಲ್ಲಿ ಈಗಾಗಲೇ ರೂಢಿಯಲ್ಲಿರುವುದೇ ಉತ್ತಮ.

ಪ್ರಶ್ನೆ: ನನ್ನ ಬಿ.ಕಾಂ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಿಂದ ಬಂದವರು, ಕೋರ್ಸು ಇಂಗ್ಲಿಷಿನಲ್ಲಿದೆ. ಚರ್ಚೆಯಲ್ಲಿ ಇಂಗ್ಲಿಷ್ ಬಲ್ಲ ನಾಲ್ವರು ಮಾತ್ರ ಬರೆಯುತ್ತಾರೆ. ಕನ್ನಡಕ್ಕೆ ಅವಕಾಶ ಕೊಟ್ಟರೆ ಅವರ ಇಂಗ್ಲಿಷ್ ಸುಧಾರಿಸುವುದಿಲ್ಲ ಎಂದು ಸಹೋದ್ಯೋಗಿಗಳು ಹೇಳುತ್ತಾರೆ.
— ಉಪನ್ಯಾಸಕಿ, ಕಡೂರು

ಉತ್ತರ: ಚರ್ಚೆ ನಡೆಯುವುದು ವಿಷಯವನ್ನು ಅರಿಯುವುದಕ್ಕೆ. ಹೊಸ ಪರಿಕಲ್ಪನೆಯನ್ನೂ ಕಷ್ಟದ ಭಾಷೆಯನ್ನೂ ಒಟ್ಟಿಗೆ ಹೊರಿಸಿದರೆ ವಿದ್ಯಾರ್ಥಿ ಎರಡನ್ನೂ ಕೆಳಗಿಟ್ಟು ಸುಮ್ಮನಾಗುತ್ತಾನೆ. ಸವಕಳಿ ಎಂದರೇನು, ಜಿಎಸ್‌ಟಿಯ ಹೂಡುವಳಿ ತೆರಿಗೆ ಜಮೆ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಹೇಗೆ ಸಿಗುತ್ತದೆ ಎಂಬುದನ್ನು ಅವರು ಕನ್ನಡದಲ್ಲಿಯೋ, ಕನ್ನಡ ಇಂಗ್ಲಿಷ್ ಬೆರೆತ ತಮ್ಮ ದಿನಬಳಕೆಯ ಮಾತಿನಲ್ಲಿಯೋ ಧಾರಾಳವಾಗಿ ಚರ್ಚಿಸಲಿ. ಕನ್ನಡ ಟೈಪಿಂಗ್ ತಿಳಿಯದವರು ಧ್ವನಿ ಸಂದೇಶವನ್ನು ಕಳುಹಿಸಲಿ. ವಾರದ ಕೊನೆಗೆ ಗುಂಪು ತನ್ನ ನಿರ್ಧಾರವನ್ನು ಐದಾರು ಇಂಗ್ಲಿಷ್ ವಾಕ್ಯಗಳಲ್ಲಿ ಬರೆದು ಕೊಡಲಿ. ಹೇಳಬೇಕಾದದ್ದು ಏನೆಂದು ಖಚಿತವಾದ ಮೇಲೆ ಅದಕ್ಕೆ ಇಂಗ್ಲಿಷ್ ಹುಡುಕುವುದು ಸುಲಭ, ಮತ್ತು ಆ ನಾಲ್ವರ ಇಂಗ್ಲಿಷ್ ಆಗ ಇಡೀ ಗುಂಪಿಗೆ ನೆರವಾಗುತ್ತದೆ. ನಿಮ್ಮ ಸಹೋದ್ಯೋಗಿಗಳ ಕಾಳಜಿ ಪ್ರಾಮಾಣಿಕವಾದದ್ದೇ. ಆದರೆ ಮೌನದಿಂದ ಯಾರ ಇಂಗ್ಲಿಷೂ ಸುಧಾರಿಸಿದ್ದಿಲ್ಲ ಎಂಬುದನ್ನು ಅವರಿಗೆ ತಿಳಿಸಿ.

ಪ್ರಶ್ನೆ: ಸಮಾಜಶಾಸ್ತ್ರದ ಆನ್‌ಲೈನ್ ಕೋರ್ಸಿನಲ್ಲಿ ಕಾಫಿ ತೋಟಗಳ ಕಾರ್ಮಿಕರ ಬಗ್ಗೆ ಚರ್ಚೆ ಇಟ್ಟಿದ್ದೆ. ತರಗತಿಯಲ್ಲಿ ಬೆಳೆಗಾರರ ಮಕ್ಕಳೂ ಇದ್ದಾರೆ, ತೋಟದ ಲೈನ್ ಮನೆಗಳಿಂದ (ಕಾರ್ಮಿಕರ ಸಾಲು ಮನೆಗಳಿಂದ) ಬರುವವರೂ ಇದ್ದಾರೆ. ‘ಈಗಿನ ಕೂಲಿಯವರಿಗೆ ಕೆಲಸ ಬೇಡ, ಸಂಬಳ ಮಾತ್ರ ಬೇಕು’ ಎಂದು ಒಬ್ಬ ಬರೆದ. ಅದಕ್ಕೆ ಇನ್ನೊಬ್ಬ ಬಹಳ ಕಟುವಾಗಿ ಉತ್ತರಿಸಿದ. ಅಂದಿನಿಂದ ಯಾರೂ ಏನನ್ನೂ ಬರೆಯುತ್ತಿಲ್ಲ. ಎರಡನ್ನೂ ಅಳಿಸಿ ವಿಷಯವನ್ನು ಕೈಬಿಡಬೇಕೆಂದಿದ್ದೇನೆ. ಅಲ್ಲದೆ, ಪ್ರತಿಯೊಬ್ಬರ ಬರಹಕ್ಕೂ ನಾನು ಉತ್ತರಿಸಬೇಕೇ ಎಂಬುದನ್ನೂ ತಿಳಿಸಿ.
— ಉಪನ್ಯಾಸಕ, ಚಿಕ್ಕಮಗಳೂರು

ಉತ್ತರ: ದಯವಿಟ್ಟು ಕೈಬಿಡಬೇಡಿ. ಅಳಿಸಿ ಹಾಕಿದರೆ, ಇಲ್ಲಿ ನಿಜವಾದ ಮಾತಿಗೆ ಜಾಗವಿಲ್ಲ ಎಂಬ ಪಾಠವನ್ನು ಎಲ್ಲರೂ ಕಲಿಯುತ್ತಾರೆ, ಅದರಲ್ಲಿಯೂ ಲೈನ್ ಮನೆಯಿಂದ ಬರುವ ವಿದ್ಯಾರ್ಥಿ ಅದನ್ನು ಬಹಳ ಕಾಲ ನೆನಪಿಟ್ಟುಕೊಳ್ಳುತ್ತಾನೆ. ಮೊದಲು ಇಬ್ಬರೊಡನೆಯೂ ಪ್ರತ್ಯೇಕವಾಗಿ, ಫೋನಿನಲ್ಲಿಯಾದರೂ ಸರಿ, ಮಾತನಾಡಿ. ವ್ಯಕ್ತಿಯನ್ನು ನಿಂದಿಸುವ ಪದಗಳಿದ್ದರೆ ಅವನ್ನು ಬರೆದವರೇ ತೆಗೆಯುವಂತೆ ಕೇಳಿ, ವಾದ ಉಳಿಯಲಿ. ಆಮೇಲೆ ತರಗತಿಗೆ ನಾಲ್ಕು ಸಾಲು ಬರೆಯಿರಿ: ಮಾತು ಬಿಸಿಯಾಯಿತು, ವಿಷಯ ದೊಡ್ಡದಾದುದರಿಂದಲೇ ಹಾಗಾಯಿತು, ಈಗ ಅದನ್ನು ಆಧಾರಗಳೊಂದಿಗೆ ಮುಂದುವರಿಸೋಣ.

ಆಧಾರಗಳಿಗೆ ಕೊರತೆಯಿಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆ ವಸತಿ, ಕುಡಿಯುವ ನೀರು, ವೈದ್ಯಕೀಯ ನೆರವು, ಶಿಶುಪಾಲನಾ ಕೊಠಡಿ, ಮಕ್ಕಳ ವಿದ್ಯಾಭ್ಯಾಸ ಮುಂತಾದವುಗಳ ಹೊಣೆಯನ್ನು ತೋಟದ ಮಾಲೀಕರ ಮೇಲೆ ಹೊರಿಸಿತು. ಒಂದು ಗುಂಪು ಅದನ್ನು ಓದಿಕೊಂಡು ಬರಲಿ. ಕಾಫಿ ಮಂಡಳಿಯ ಮೂಲಕವೇ ಮಾರಬೇಕಿದ್ದ ವ್ಯವಸ್ಥೆ 1990ರ ದಶಕದಲ್ಲಿ ಕೊನೆಗೊಂಡು ಬೆಳೆಗಾರರು ಮುಕ್ತ ಮಾರುಕಟ್ಟೆಗೆ ಬಂದರು. ಅಂದಿನಿಂದ ಅಂತರರಾಷ್ಟ್ರೀಯ ದರದ ಏರಿಳಿತ ನೇರವಾಗಿ ಅವರಿಗೆ ತಟ್ಟುತ್ತದೆ, ಅರೇಬಿಕಾ ಗಿಡಗಳಿಗೆ ಬಿಳಿ ಕಾಂಡಕೊರಕ ಹುಳುವಿನ ಹಾವಳಿ ಬೇರೆ. ಇನ್ನೊಂದು ಗುಂಪು ಇದನ್ನು ನೋಡಲಿ. ಅಸ್ಸಾಂ ಮೊದಲಾದ ದೂರದ ರಾಜ್ಯಗಳಿಂದ ಕಾರ್ಮಿಕರು ಈಗ ಏಕೆ ಬರುತ್ತಿದ್ದಾರೆ, ಸ್ಥಳೀಯ ಕಾರ್ಮಿಕರ ಮಕ್ಕಳು ತೋಟ ಬಿಟ್ಟು ಎಲ್ಲಿಗೆ ಹೋದರು ಎಂಬುದು ಮೂರನೆಯ ಗುಂಪಿಗೆ. ತಮ್ಮ ಮನೆಯ ವಿಚಾರ ಹೇಳಿ ಎಂದು ಮಾತ್ರ ಯಾರನ್ನೂ ಕೇಳಬೇಡಿ; ಇಲ್ಲಿ ಅದು ಒಬ್ಬನಿಗೆ ಅವಮಾನವಾದೀತು, ಇನ್ನೊಬ್ಬನಿಗೆ ಆರೋಪದಂತೆ ಕೇಳೀತು.

ಅನಂತರ ಪ್ರತಿಯೊಬ್ಬರಿಗೂ ಒಂದೇ ಕೆಲಸ: ನೀವು ಒಪ್ಪದ ಪಕ್ಷದ ಅತ್ಯಂತ ಬಲವಾದ ವಾದವನ್ನು, ಆ ಪಕ್ಷದವರು ಓದಿ ‘ಹೌದು, ನಾವು ಹೇಳುವುದು ಇದನ್ನೇ’ ಎನ್ನುವಂತೆ, ಐದು ವಾಕ್ಯಗಳಲ್ಲಿ ಬರೆಯಿರಿ. ಅವರು ಹೌದೆಂದ ಮೇಲೆ ಮಾತ್ರ ನಿಮ್ಮ ಆಕ್ಷೇಪ. ಇದು ಸುಲಭವಲ್ಲ. ಬರೆಯುವಾಗಲೇ ಅನೇಕರ ಸ್ವಂತ ನಿಲುವು ತುಸು ಸಡಿಲಗೊಳ್ಳುತ್ತದೆ, ಹಾಗಾಗದಿದ್ದವರಿಗೂ ಎದುರಿನವರ ಮಾತನ್ನು ಪೂರ್ತಿ ಓದುವ ಅಭ್ಯಾಸ ಬರುತ್ತದೆ.

ನಿಮ್ಮ ಎರಡನೆಯ ಪ್ರಶ್ನೆಗೆ: ಪ್ರತಿಯೊಂದು ಬರಹಕ್ಕೂ ಉತ್ತರಿಸಬೇಡಿ. ಅಧ್ಯಾಪಕರು ತಕ್ಷಣ ಉತ್ತರಿಸಿದರೆ ಚರ್ಚೆ ಅಲ್ಲಿಗೆ ತೀರ್ಪಾಗಿಬಿಡುತ್ತದೆ, ವಿದ್ಯಾರ್ಥಿಗಳು ಪರಸ್ಪರ ಮಾತನಾಡುವುದನ್ನು ಬಿಟ್ಟು ನಿಮ್ಮೊಡನೆ ಮಾತ್ರ ಮಾತನಾಡುತ್ತಾರೆ. ಮೊದಲ ಎರಡು ದಿನ ಓದುತ್ತಾ ಇರಿ. ಓದುತ್ತಿದ್ದೀರಿ ಎಂಬುದು ಅವರಿಗೆ ತಿಳಿದಿರಲಿ. ವಾಸ್ತವಾಂಶ ತಪ್ಪಾಗಿದ್ದರೆ, ಯಾರಿಗಾದರೂ ನೋವಾಗುವಂತಿದ್ದರೆ, ಅಥವಾ ಒಂದು ಒಳ್ಳೆಯ ಮಾತನ್ನು ಯಾರೂ ಗಮನಿಸದೆ ಹೋಗಿದ್ದರೆ ನಡುವೆ ಬನ್ನಿ. ಬಂದಾಗಲೂ ‘ಇವಳು ಹೇಳಿದ್ದಕ್ಕೂ ನೀನು ಹೇಳಿದ್ದಕ್ಕೂ ಎಲ್ಲಿ ವ್ಯತ್ಯಾಸ?’ ಎಂಬಂತಹ ಪ್ರಶ್ನೆಯನ್ನೇ ಬಿಟ್ಟು ಹೋಗಿ. ವಾರದ ಕೊನೆಗೆ ಅರ್ಧ ಪುಟದಷ್ಟು ಬರೆಯಿರಿ: ಯಾರ ಯಾವ ಮಾತಿನಿಂದ ಚರ್ಚೆ ತಿರುವು ಪಡೆಯಿತು, ಯಾವುದರಲ್ಲಿ ಒಮ್ಮತವಿದೆ, ಯಾವುದು ಇನ್ನೂ ಇತ್ಯರ್ಥವಾಗಿಲ್ಲ. ಆ ಅರ್ಧ ಪುಟದಲ್ಲಿ ಪ್ರತಿ ವಾರವೂ ಬೇರೆ ಬೇರೆ ವಿದ್ಯಾರ್ಥಿಗಳ ಹೆಸರು ಬರುವಂತೆ ಒಂದು ಪಟ್ಟಿ ಇಟ್ಟುಕೊಳ್ಳಿ, ಮತ್ತು ಈ ವಾರ ಕಟುವಾಗಿ ಬರೆದ ಆ ಇಬ್ಬರ ಹೆಸರೂ ಅವರ ವಾದದ ಜೊತೆಗೆ ಅಲ್ಲಿ ಗೌರವದಿಂದ ಇರಲಿ.